ಮಳೆಗಾಲ ಗೆದ್ದ ಹೆಂಚಿನ ಮಾಡುಗಳು: ಕೈ ಹಚ್ಚಿದವರಿಗೆಲ್ಲ ನಮಸ್ಕಾರ

ಮಳೆಗಾಲ ಮುಗಿಯಿತು. ತೋಟದ ಹಳೇ ಬಂಗಲೆ, ಅದರ ಹಿಂದಿನ ಅಡುಗೆಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆ, ಗೋಡೌನು, ಕುದುರೆ ಲಾಯ, ತೋಟದ ಕೆಲಸಗಾರರ ಎರಡು ಸಾಲು ಲೈನ್ ಮನೆ, ಯಾವುದೂ ಸೋರಲಿಲ್ಲ. ಎರಡು ವರ್ಷದ ದುರಸ್ತಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಕೊಡಗಿನಲ್ಲಿ ಇನ್ನೊಂದಿಲ್ಲ. ಏನು ಮಾಡಿಕೊಟ್ಟರು ಎಂದು ಹೇಳದೆ ಬರೀ ವಂದನೆ ಹೇಳಿದರೆ ಕಸುಬಿನವರಿಗೆ ನ್ಯಾಯವಾಗದು. ಹಾಗಾಗಿ ವಿವರವಾಗಿಯೇ ಬರೆಯುತ್ತಿದ್ದೇವೆ.

ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ, ಮಡಿಕೇರಿ ಬಳಿ ಫೌಲರ್ ಎಂಬವರಿಂದ. ಮಂಗಳೂರಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆಮೇಲೆ ಬಂದ ತೋಟದ ಮನೆಗಳ ಚಹರೆ ನಮಗೆಲ್ಲ ಗೊತ್ತು: ಕಲ್ಲಿನ ಬುನಾದಿ, ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಬಂದವರೆಲ್ಲ ಬಂಗಲೆಯ ಜಗಲಿಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ತೋಟ ನಡೆದದ್ದು ಮಾತ್ರ ಹಿಂದಿನ ಕಟ್ಟಡಗಳಲ್ಲಿ. ಅದಕ್ಕೇ ಖರ್ಚಿನ ದೊಡ್ಡ ಪಾಲು ಅಲ್ಲಿಗೇ ಹೋಯಿತು.

ಮೊದಲ ನಮಸ್ಕಾರ ಗಾರೆ ಮೇಸ್ತ್ರಿಗಳಿಗೆ. ಇಲ್ಲಿನ ಇಟ್ಟಿಗೆ ಗೋಡೆಗಳನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು, ಅದರ ಮೇಲೆ ಹಿಂದೊಮ್ಮೆ ಸಿಮೆಂಟು ಬಳಿಯಲಾಗಿತ್ತು. ಬುಡದಿಂದ ಏರಿದ ತೇವ ಹೊರಗೆ ಹೋಗಲಾರದೆ ನೆಲದಿಂದ ಮೂರಡಿಯವರೆಗೆ ಇಟ್ಟಿಗೆ ಹುಡಿಯಾಗಿತ್ತು. ಮೇಸ್ತ್ರಿಗಳು ಮೊದಲು ಮುಟ್ಟಿದ್ದು ಗೋಡೆಯನ್ನಲ್ಲ, ಅಂಗಳವನ್ನು. ನೂರು ವರ್ಷದ ಹೂವಿನ ಮಡಿಗಳಿಂದ ಮಣ್ಣು ಏರಿ ಜಗಲಿಯ ಮಟ್ಟಕ್ಕೆ ಬಂದಿತ್ತು. ಅದನ್ನು ಅಗೆದು ಒಳನೆಲಕ್ಕಿಂತ ಒಂದಡಿ ತಗ್ಗಿಸಿ, ಸುತ್ತ ಚರಂಡಿ ಎಳೆದರು. ಆಮೇಲೆ ಸಿಮೆಂಟು ಕೆತ್ತಿ ಗೋಡೆಯನ್ನು ಬೇಸಿಗೆಗೆ ಒಣಗಲು ಬಿಟ್ಟರು.

ಸುಣ್ಣ ಕರಾವಳಿಯ ಚಿಪ್ಪು ಸುಣ್ಣ. ತೊಟ್ಟಿಯಲ್ಲಿ ಅರಳಿಸಿ, ಜರಡಿ ಹಿಡಿದು, ನೀರಿನಡಿ ಒಂದು ತಿಂಗಳು ಇಟ್ಟರು. ಅರಳದ ಹರಳು ಉಳಿದರೆ ಗೋಡೆಯ ಮೇಲೆ ಆಮೇಲೆ ಅರಳುತ್ತದೆ, ಮೊಡವೆಯಂತೆ ಉಬ್ಬಿ ಚಕ್ಕೆ ಬೀಳುತ್ತದೆ. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಹುಡಿ. ಕಲಸಿದ್ದು ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನಲ್ಲಿ. ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ದಪ್ಪ ಹಾಕಿದರೆ ಬಿರುಕು ಖಂಡಿತ. ಬಳಿದ ಗೋಡೆಗೆ ಗೋಣಿ ತಾಟು ಇಳಿಬಿಟ್ಟು ಹತ್ತು ದಿನ ತೇವ ಕಾದವರು ಮೇಸ್ತ್ರಿಗಳ ಮನೆಯ ಹೆಣ್ಣುಮಕ್ಕಳು. ಏಪ್ರಿಲ್ ಒಳಗೆ ಮುಗಿಸಲೇಬೇಕೆಂದು ಹಟ ಹಿಡಿದವರೂ ಅವರೇ. ಹಸಿ ಸುಣ್ಣಕ್ಕೆ ಜೂನ್ ಮಳೆ ಹೊಡೆದರೆ ಎಲ್ಲವೂ ಹೊಳೆಗೆ.

ಮಾಡಿನ ಮರಗೆಲಸ ಮಾಡಿದ ಆಚಾರ್ಯರಿಗೆ ನಾವು ಹೆಚ್ಚು ಋಣಿ. ಮಾಡು ಹೊರುವ ಇಳಿಜಾರು ಮರಗಳಾದ ಪಕ್ಕಾಸುಗಳ ತುದಿ ಮಾತ್ರ ಲಡ್ಡಾಗಿ ಕೊಳೆತಿತ್ತು, ಉಳಿದದ್ದು ಗಟ್ಟಿ. ಪೂರ್ತಿ ಬದಲಿಸುವ ಬದಲು ಅವರು ಓರೆಯಾಗಿ ಕೊಯ್ದು, ದಪ್ಪದ ನಾಲ್ಕು ಪಟ್ಟು ಉದ್ದಕ್ಕೆ ಹಳೆಯದಕ್ಕೆ ಹೊಸ ತುಂಡು ಕೂರಿಸಿ ಬೋಲ್ಟು ಬಿಗಿದರು. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪಿನ ಅಂತರವನ್ನು ಟೇಪು ಹಿಡಿದು ಅಳೆಯಲಿಲ್ಲ. ಹೆಂಚನ್ನೇ ಇಟ್ಟು ಗುರುತು ಹಾಕಿದರು, ಸುಮಾರು ಹನ್ನೆರಡೂವರೆ ಅಂಗುಲ ಬಂತು. ರೀಪು ಅರ್ಧ ಅಂಗುಲ ಆಚೀಚೆಯಾದರೂ ಹೆಂಚಿನ ತುಟಿ ಎದ್ದುಕೊಂಡು, ಗಾಳಿ ಮಳೆ ಒಳಗೆ ನುಗ್ಗುತ್ತದೆ.

ಇಳಿಸಿದ ಒಂದೊಂದು ಹೆಂಚನ್ನೂ ಬೆರಳ ಗಂಟಿನಿಂದ ತಟ್ಟಿ ನೋಡಿದರು. ಠಣ್ ಎಂದರೆ ಒಳ್ಳೆಯದು, ಬೊದ್ದು ಸದ್ದು ಬಂದರೆ ಒಳಗೆ ಸೀಳು. ಪಾಚಿ ತೆಗೆದದ್ದು ತೆಂಗಿನ ನಾರಿನಿಂದ. ಪೈಪಿನ ಜೋರು ನೀರು ಬಿಟ್ಟರೆ ಹೆಂಚಿನ ಮೇಲ್ಪದರವೇ ಕಿತ್ತುಬರುತ್ತದೆ. ನೆತ್ತಿಯ ಮೂಲೆಹೆಂಚಿಗೂ ಸುಣ್ಣದ ಗಾರೆಯೇ. ಮರ ಉಬ್ಬಿ ಕುಗ್ಗುವಾಗ ಸಿಮೆಂಟು ಸೀಳುತ್ತದೆ.

ಪಲ್ಪರ್ ಸರಿಮಾಡಿದ ಫಿಟ್ಟರ್ ಅಣ್ಣನಿಗೂ ನಮಸ್ಕಾರ. ಉರುಳೆಯ ತಾಮ್ರದ ತಗಡು ಸವೆದಿತ್ತು, ಹೊಸದು ಹೊದಿಸಿದರು. ಉರುಳೆಗೂ ಹಣ್ಣನ್ನು ಅದಕ್ಕೆ ಒತ್ತಿಹಿಡಿಯುವ ಎದುರಿನ ಚಾಪಿಗೂ ನಡುವಿನ ಸಂದು ಹತ್ತಿರವಾದರೆ ಬೀಜಕ್ಕೆ ಕಚ್ಚು ಬೀಳುತ್ತದೆ, ದೂರವಾದರೆ ಹಣ್ಣು ಸಿಪ್ಪೆ ಸಮೇತ ಜಾರಿಹೋಗುತ್ತದೆ. ಅವರು ಮೊದಲ ಬುಟ್ಟಿ ಹಣ್ಣು ಹಾಕಿ, ಹೊರಬಂದದ್ದನ್ನು ಅಂಗೈಯಲ್ಲಿ ಹರಡಿ ನೋಡಿಯೇ ತಿರುಪು ಬಿಗಿದರು.

ಲೈನ್ ಮನೆಯ ಹಿರಿಯ ಅಮ್ಮಂದಿರಿಗೆ ಏನು ಹೇಳಿದರೂ ಕಡಿಮೆ. ಕಾಫಿ ಒಣಗಿಸುವ ಕಣದ ನೀರು ಯಾವ ಮೂಲೆಗೆ ಇಳಿಯಬೇಕು, ಮುಚ್ಚಿಹೋದ ತೂಬು ಎಲ್ಲಿತ್ತು ಎಂದು ಕಾಲಲ್ಲೇ ತೋರಿಸಿದರು. ಕಣದ ಬಿರುಕುಗಳನ್ನು ತುಂಬಿಸಿದ್ದು ಅವರ ಮಾತಿನ ಮೇಲೆ: ಸಂದಿಯಲ್ಲಿ ಕೂತ ಬೀಜ ಬೂಸ್ಟು ಹಿಡಿದು ಮುಂದಿನ ರಾಶಿಗೂ ವಾಸನೆ ಹತ್ತಿಸುತ್ತದೆ. ಸಿಪ್ಪೆ ಬಿಡಿಸಿ ತೊಟ್ಟಿಯಲ್ಲಿ ಹುಳಿಯಲು ಬಿಟ್ಟ ಕಾಫಿ ತೊಳೆಯಲು ಬಂದಿದೆಯೇ ಎಂಬುದಕ್ಕೆ ಅವರ ಅಳತೆ ಹಿಡಿಯಷ್ಟು ಬೀಜ: ಉಜ್ಜಿದಾಗ ಲೋಳೆ ಬಿಟ್ಟು ಜರಜರ ಎನ್ನಬೇಕು. ಈ ಕಟ್ಟಡಗಳ ಪರಂಪರೆ ಎಂದರೆ ಅವರ ದುಡಿಮೆಯೂ ಹೌದು. ಆದ್ದರಿಂದಲೇ ಲೈನ್ ಮನೆಗಳಿಗೂ ಬಂಗಲೆಯ ಸುಣ್ಣ, ಬಂಗಲೆಯ ಹೆಂಚು.

ಹಳೇ ಹೆಂಚು ಕೊಟ್ಟ ನೆರೆತೋಟದವರಿಗೆ ಒಂದು ಮಾತು. ಬೇರೆ ಬೇರೆ ಕಾರ್ಖಾನೆಯ ಹೆಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಹಿಂಬದಿಯ ಮುದ್ರೆ ನೋಡಿಯೇ ಜೋಡಿಸಬೇಕು. ನಮ್ಮ ಮಾಡಿಗೆ ಕೂರದೆ ಉಳಿದವನ್ನು ಲಾಯದ ಒಳಗೋಡೆಗೆ ಮುದ್ರೆವಾರು ಒರಗಿಸಿಟ್ಟಿದ್ದೇವೆ. ನಿಮ್ಮ ಮಾಡಿನ ಒಂದು ಹೆಂಚು ತಂದು ಹೋಲಿಸಿ ನೋಡಿ, ಕೂತರೆ ಒಯ್ಯಿರಿ.