ಮಾರ್ಕ್ಸ್ ಶೀಟ್ ತೋರಿಸಿ, ಆಮೇಲೆ ‘ವರ್ಷದ ಕಾರು’ ಅನ್ನಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಪುಟ ತುಂಬಾ ಒಂದು ಕಾರಿನ ಜಾಹೀರಾತು ಬಂದಿತ್ತು. ಮೇಲ್ಗಡೆ ದೊಡ್ಡದಾಗಿ ‘ವರ್ಷದ ಕಾರು’, ಪಕ್ಕದಲ್ಲಿ ಟ್ರೋಫಿಯ ಚಿತ್ರ. ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಹುಡುಕಿದೆ. ಪುಟದ ತಳದಲ್ಲಿ ಇರುವೆ ಸಾಲಿನ ಹಾಗೆ ಏನೋ ಇತ್ತು, ಕನ್ನಡಕ ಹಾಕಿಕೊಂಡರೂ ಓದಲು ಆಗಲಿಲ್ಲ. ನನ್ನ ಕಾರು ನೆನಪಾಯಿತು, ಹೊಟ್ಟೆ ಉರಿಯಿತು. ಅದಕ್ಕೇ ಈ ಕಾಗದ.

ಮೂರು ವರ್ಷದ ಹಿಂದೆ ನಾನೂ ಒಂದು ‘ವರ್ಷದ ಕಾರು’ ತಗೊಂಡವನೇ. ಯಾವ ಕಂಪನಿ ಅಂತ ಹೇಳುವುದಿಲ್ಲ, ನನ್ನ ತಕರಾರು ಪ್ರಶಸ್ತಿ ಬಗ್ಗೆ. ಶೋರೂಮಿನ ಹುಡುಗ ಮೈಲೇಜ್ ಬಗ್ಗೆ ಒಂದು ಸಲ ಹೇಳಿದರೆ ಪ್ರಶಸ್ತಿ ಬಗ್ಗೆ ಐದು ಸಲ ಹೇಳಿದ. ನಮ್ಮದು ಕೊಡಗಿನ ನಾಪೋಕ್ಲು ಕಡೆ. ಮೇನ್ ರೋಡಿನಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ತೋಟದ ದಾರಿ, ಕೊನೆಗೊಂದು ಏರು. ಬೇಸಿಗೆಯಲ್ಲಿ ಕಾರು ಚೆನ್ನಾಗಿಯೇ ಹತ್ತುತ್ತಿತ್ತು.

ಜುಲೈ ಬಂತು. ಮೂರು ದಿನ ಬಿಡದೆ ಮಳೆ. ನಾಲ್ಕನೇ ದಿನ ಪೇಟೆಯಿಂದ ಅಕ್ಕಿ, ಗ್ಯಾಸ್ ಸಿಲಿಂಡರ್ ಹಾಕಿಕೊಂಡು ಬಂದರೆ ಏರಿನ ಅರ್ಧದಲ್ಲಿ ಮುಂದಿನ ಚಕ್ರ ನಿಂತಲ್ಲೇ ಸುಮ್ನೆ ತಿರುಗುತ್ತಿದೆ, ಬಾಗಿಲಿನವರೆಗೆ ಕೆಂಪು ಕೆಸರು ಹಾರುತ್ತಿದೆ, ಕ್ಲಚ್ ಸುಟ್ಟ ವಾಸನೆ ಬೇರೆ. ನಿಧಾನಕ್ಕೆ ಹಿಂದಕ್ಕೆ ಜಾರಿ ಒಂದು ಕಾಫಿ ಗಿಡಕ್ಕೆ ಒರಗಿ ನಿಂತಿತು. ಪಕ್ಕದ ತೋಟದವರು ಅವರ ಹಳೇ ಜೀಪ್ ತಂದರು. ಹಗ್ಗ ಕಟ್ಟೋಣ ಅಂದರೆ ಕೊಕ್ಕೆ ಎಲ್ಲಿ? ಅದು ಸ್ಟೆಪ್ನಿ ಹತ್ತಿರದ ಚೀಲದಲ್ಲಿ ಇರುತ್ತದಂತೆ, ಬಂಪರಿನ ಒಂದು ಪ್ಲಾಸ್ಟಿಕ್ ಮುಚ್ಚಳ ತೆಗೆದು ಅಲ್ಲಿ ತಿರುಪಬೇಕಂತೆ. ಸಿಲಿಂಡರ್ ಇಳಿಸಿ, ಅಕ್ಕಿ ಮೂಟೆಯನ್ನು ಹಿಂದಿನ ಸೀಟಿಗೆ ಎಳೆದು ಹಾಕಿ, ಆ ಚೀಲ ಹುಡುಕುವಷ್ಟರಲ್ಲಿ ಇಬ್ಬರೂ ಪೂರ್ತಿ ನೆನೆದಿದ್ದೆವು. ಮುಚ್ಚಳ ಉಗುರಿಗೆ ಬಗ್ಗಲಿಲ್ಲ. ಕೊನೆಗೆ ಅವರು ಸೊಂಟದ ಕತ್ತಿ ತೆಗೆದು ತುದಿಯಿಂದ ಮೀಟಿ ಎಬ್ಬಿಸಿದರು. ಅಂಗಳಕ್ಕೆ ಎಳೆದು ನಿಲ್ಲಿಸಿದ ಮೇಲೆ ಗಾಜಿನ ಮೇಲಿದ್ದ ಸ್ಟಿಕರ್ ನೋಡಿ, “ಇದಕ್ಕೆ ಏನೋ ಪ್ರೈಜ್ ಬಂದಿದೆ ಅಂದಿದ್ದೆಯಲ್ಲ ಮಾರಾಯ, ಆ ಸರ್ಟಿಫಿಕೇಟ್ ತಂದು ಚಕ್ರದ ಅಡಿಗೆ ಹಾಕು, ಸ್ವಲ್ಪ ಗ್ರಿಪ್ ಸಿಗಬಹುದು” ಅಂದರು.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ನಮ್ಮ ಏರಿಗೆ ಯಾವ ಗಾಡಿ ಬೇಕು ಅಂತ ಪ್ರಶಸ್ತಿ ನೋಡಿ ಅಲ್ಲ, ಪಕ್ಕದ ಮನೆಯವರನ್ನು ಕೇಳಿ ತೀರ್ಮಾನ ಮಾಡಬೇಕಿತ್ತು. ಆದರೆ ಎರಡನೇ ಮಳೆಗಾಲಕ್ಕೆ ಟಚ್ ಸ್ಕ್ರೀನ್ ತೇವಕ್ಕೆ ಕೈಕೊಟ್ಟಿತು, ಕ್ಲಚ್ ಪ್ಲೇಟ್ ಹೋಯಿತು, ಸರ್ವಿಸ್‌ಗೆ ಪ್ರತಿ ಸಲ ಮೈಸೂರಿಗೆ ಓಡಬೇಕು. ಇದೆಲ್ಲ ಆ ತೀರ್ಪುಗಾರರಿಗೆ ಗೊತ್ತಾಗುವುದಾದರೂ ಹೇಗೆ? ಈ ಪ್ರಶಸ್ತಿಗಳು ಆ ವರ್ಷ ಹೊಸದಾಗಿ ಮಾರುಕಟ್ಟೆಗೆ ಬಂದ ಕಾರುಗಳಿಗೆ. ಅವರು ಓಡಿಸುವುದು ಹೊಸ ಗಾಡಿ, ಅದೂ ಕೆಲವು ದಿನ. ಸೀಟು, ಸ್ಟೀರಿಂಗ್, ಇಂಜಿನ್, ಬೆಲೆ, ಇಷ್ಟು ಹೇಳಬಹುದು. ಮೂರನೇ ವರ್ಷದ ರಿಪೇರಿ ಬಿಲ್ ಬಗ್ಗೆ ಯಾರಿಗೂ ಹೇಳಲು ಬರುವುದಿಲ್ಲ. ಹಾಗಿದ್ದ ಮೇಲೆ ‘ವರ್ಷದ ಹೊಸ ಕಾರು’ ಅನ್ನಬೇಕಲ್ವಾ?

ನಮ್ಮ ದೇಶದ ‘ಇಂಡಿಯನ್ ಕಾರ್ ಆಫ್ ದ ಇಯರ್’ 2006ರಲ್ಲಿ ಶುರುವಾಯಿತು. ಮೊದಲ ಸಲ ಗೆದ್ದಿದ್ದು ಮಾರುತಿ ಸ್ವಿಫ್ಟ್. ಬೆಲೆ, ಮೈಲೇಜ್, ಸುರಕ್ಷತೆ, ನಮ್ಮ ರಸ್ತೆಗೆ ಎಷ್ಟು ಹೊಂದುತ್ತದೆ, ಎಲ್ಲ ನೋಡುತ್ತಾರೆ ಅಂತ ಹೇಳುತ್ತಾರೆ. 2008ಕ್ಕೆ ಹ್ಯುಂಡೈ ಐ10, 2010ಕ್ಕೆ ಟಾಟಾ ನ್ಯಾನೋ, 2011ಕ್ಕೆ ಫೋರ್ಡ್ ಫಿಗೋ. ಸರಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎನ್ನುವ ಸಂಸ್ಥೆ ಭಾರತದ ಐದು ಕಾರುಗಳನ್ನು 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೆ ಐದೂ ಸೊನ್ನೆ ಸ್ಟಾರ್. ಆ ಐದರಲ್ಲಿ ಮೂರು ಯಾವುವು ಗೊತ್ತಾ? ಐ10, ನ್ಯಾನೋ, ಫಿಗೋ. ಗುದ್ದಿಸಿದ್ದು ಏರ್‌ಬ್ಯಾಗ್ ಇಲ್ಲದ ಕಡಿಮೆ ಬೆಲೆಯ ಮಾಡೆಲ್‌ಗಳನ್ನು, ಅದನ್ನು ಹೇಳದಿದ್ದರೆ ನಾನು ಮೋಸ ಮಾಡಿದಂತೆ. ಆದರೆ ನಮ್ಮಂಥವರು ಜಾಸ್ತಿ ಕೊಳ್ಳುತ್ತಿದ್ದದ್ದೂ ಅಂಥದ್ದನ್ನೇ. ಸುರಕ್ಷತೆಗೆ ಅವತ್ತು ಮಾರ್ಕ್ಸ್ ಕೊಟ್ಟವರು ಏನನ್ನು ನೋಡಿ ಕೊಟ್ಟರು? ಬಾಗಿಲು ಹಾಕಿದಾಗ ಬರುವ ಸದ್ದನ್ನಾ?

ಇನ್ನು ದುಡ್ಡಿನ ಮಾತು. ತೀರ್ಪು ಕೊಡುವವರಲ್ಲಿ ಹೆಚ್ಚಿನವರು ಕಾರು ಪತ್ರಿಕೆಗಳವರು, ಆ ಪತ್ರಿಕೆಗಳು ನಡೆಯುವುದು ಕಾರು ಕಂಪನಿಗಳ ಜಾಹೀರಾತಿನಿಂದ, ಓಡಿಸಲು ಗಾಡಿ ಕೊಡುವುದೂ ಅದೇ ಕಂಪನಿಗಳು. ಎಲ್ಲರೂ ದುಡ್ಡು ತಿಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಊಟ ಹಾಕಿದವರ ಅಡುಗೆಗೆ ಉಪ್ಪು ಕಮ್ಮಿ ಅನ್ನಲು ಯಾರಿಗಾದರೂ ನಾಲಿಗೆ ತಡವರಿಸುತ್ತದೆ. ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಅಂತ ಒಂದು ಪತ್ರಿಕೆ ಇದೆ. ಅವರು ಜಾಹೀರಾತು ತಗೊಳ್ಳುವುದಿಲ್ಲ, ನಾವು ಇಂಥವರು ಅಂತ ಹೇಳದೆ ಮಾಮೂಲಿ ಗಿರಾಕಿಯ ಹಾಗೆ ಶೋರೂಮಿಗೆ ಹೋಗಿ ಸ್ವಂತ ದುಡ್ಡಿನಲ್ಲಿ ಕಾರು ಕೊಂಡು ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಅಂಥದ್ದು ಒಂದಾದರೂ ಬೇಕಿತ್ತು.

ಜನರ ಓಟಿಗೆ ಬಿಟ್ಟರೆ ಸರಿ ಹೋಗುತ್ತದೆ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಎಡಿಎಸಿ ಅಂತ ವಾಹನ ಸವಾರರ ಬಹಳ ದೊಡ್ಡ ಸಂಘ ಇದೆ, ಕೋಟಿಗಿಂತ ಜಾಸ್ತಿ ಸದಸ್ಯರು. ಸದಸ್ಯರ ಓಟಿನ ಮೇಲೆ ಅವರು ಪ್ರತಿ ವರ್ಷ ಜನ ಮೆಚ್ಚಿದ ಕಾರಿಗೆ ಪ್ರಶಸ್ತಿ ಕೊಡುತ್ತಿದ್ದರು. 2014ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 34,299 ಓಟು ಅಂತ ಲೆಕ್ಕ ತೋರಿಸಿದರು. ನಿಜವಾಗಿ ಬಿದ್ದದ್ದು 3,409. ಪತ್ರಿಕೆಯೊಂದು ಅದನ್ನು ಬಯಲಿಗೆಳೆದ ಮೇಲೆ ಪ್ರಚಾರದ ಮುಖ್ಯಸ್ಥ ಹೋದ, ಮುಂದಿನ ತಿಂಗಳು ಅಧ್ಯಕ್ಷನೂ ರಾಜೀನಾಮೆ ಕೊಟ್ಟ, ಕಂಪನಿಗಳು ಪ್ರಶಸ್ತಿ ವಾಪಸ್ ಕೊಡುತ್ತೇವೆ ಅಂದವು. ನನಗೆ ಇದರಲ್ಲಿ ನಗು ಬರಿಸುವುದು ಏನೆಂದರೆ, ಅಷ್ಟು ದೊಡ್ಡ ಸಂಘದಲ್ಲಿ ಮೂರು ಸಾವಿರ ಚಿಲ್ಲರೆ ಓಟು ಅಂದರೆ ಜನರಿಗೆ ಆ ಪ್ರಶಸ್ತಿ ಬಗ್ಗೆ ತಲೆಯೇ ಬಿಸಿ ಇರಲಿಲ್ಲ, ಆ ನಾಚಿಕೆ ಮುಚ್ಚಲಿಕ್ಕೆ ಸೊನ್ನೆ ಸೇರಿಸಬೇಕಾಯಿತು.

ಮಡಿಕೇರಿ ದಸರಾ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಹತ್ತು ದೇವಸ್ಥಾನಗಳವರು ದೇವರ ಕಥೆ ತೋರಿಸುತ್ತಾ ಮೆರವಣಿಗೆಯಲ್ಲಿ ತರುವ ದಶಮಂಟಪಗಳಿಗೆ ಬಹುಮಾನ ಇರುತ್ತದೆ. ರಾತ್ರಿಯೆಲ್ಲ ತೀರ್ಪುಗಾರರು ನೋಡುತ್ತಾರೆ, ಬೆಳಗ್ಗೆ ಫಲಿತಾಂಶ ಬಂದ ಮೇಲೆ ಜಗಳವೂ ಆಗುತ್ತದೆ. ಲೈಟಿಂಗ್ ಇವರದ್ದು ಚೆನ್ನಾಗಿತ್ತು, ಕಥೆ ಅವರದ್ದು ಚೆನ್ನಾಗಿತ್ತು, ರಾಕ್ಷಸನ ತಲೆ ಸರಿಯಾಗಿ ಹಾರಲಿಲ್ಲ ಅಂತ ಟೀ ಅಂಗಡಿಯಲ್ಲಿ ವಾರಗಟ್ಟಲೆ ಚರ್ಚೆ. ಜಗಳ ಮಾಡಲಿಕ್ಕೆ ಯಾಕೆ ಆಗುತ್ತದೆ ಅಂದರೆ ತೀರ್ಪುಗಾರರು ನೋಡಿದ್ದನ್ನೇ ನಾವೂ ರಸ್ತೆ ಬದಿಯಲ್ಲಿ ಚಳಿಯಲ್ಲಿ ನಿಂತು ನೋಡಿರುತ್ತೇವೆ. ಕಾರಿನ ವಿಷಯದಲ್ಲಿ ನಮಗೆ ಸಿಗುವುದು ಟ್ರೋಫಿಯ ಫೋಟೋ ಮಾತ್ರ. ಜಗಳ ಆಡಲಿಕ್ಕೂ ಸಾಮಾನು ಇಲ್ಲ!

ಯುರೋಪಿನವರದ್ದು ಈ ವಿಷಯದಲ್ಲಿ ಪರವಾಗಿಲ್ಲ. ‘ಯುರೋಪಿನ ವರ್ಷದ ಕಾರು’ ಪ್ರಶಸ್ತಿಯನ್ನು 1964ರಿಂದ ಕೊಡುತ್ತಿದ್ದಾರೆ. ಒಬ್ಬೊಬ್ಬ ತೀರ್ಪುಗಾರನಿಗೆ 25 ಪಾಯಿಂಟ್, ಕಡಿಮೆ ಅಂದರೂ ಐದು ಕಾರುಗಳಿಗೆ ಹಂಚಬೇಕು, ಒಂದಕ್ಕೆ ಹತ್ತಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಯಾರು ಯಾವ ಕಾರಿಗೆ ಎಷ್ಟು ಕೊಟ್ಟರು, ಯಾಕೆ ಕೊಟ್ಟರು ಅಂತ ಹೆಸರು ಸಮೇತ ಪ್ರಕಟಿಸುತ್ತಾರೆ. ಅಲ್ಲೂ ತಪ್ಪು ಆಯ್ಕೆ ಆಗಿರಬಹುದು. ಆದರೆ ಮುಂದಿನ ವರ್ಷ ಆ ಮನುಷ್ಯನನ್ನು ಹಿಡಿದು ಕೇಳಬಹುದಲ್ಲ, ‘ಏನ್ ಸ್ವಾಮಿ, ಆ ಡಬ್ಬಕ್ಕೆ ಹತ್ತು ಕೊಟ್ಟಿದ್ದಿರಿ?’ ಅಂತ.

ನಮ್ಮಲ್ಲಿ ಇನ್ನೊಂದು ತಮಾಷೆ. ಪತ್ರಿಕೆಗೊಂದು, ಟಿವಿ ಚಾನೆಲ್‌ಗೊಂದು ಪ್ರಶಸ್ತಿ. ಒಂದೇ ವರ್ಷ ಮೂರು ನಾಲ್ಕು ಕಾರುಗಳು ‘ವರ್ಷದ ಕಾರು’ ಅಂತ ಹಣೆಗೆ ಹಚ್ಚಿಕೊಂಡು ಓಡಾಡುತ್ತವೆ.

ನಿಮ್ಮಿಂದ ಆಗುವ ಕೆಲಸ ಒಂದಿದೆ. ಇಂಥ ಪ್ರಶಸ್ತಿಯ ಸುದ್ದಿ ಹಾಕುವಾಗ ಗೆದ್ದ ಕಾರಿನ ಹೆಸರಿನ ಜೊತೆ ಯಾರು ಎಷ್ಟು ಮಾರ್ಕ್ಸ್ ಕೊಟ್ಟರು, ಎರಡನೇದು ಯಾವುದು, ಎಷ್ಟರಲ್ಲಿ ಸೋತಿತು, ಕಾರ್ಯಕ್ರಮದ ಖರ್ಚು ಯಾರದ್ದು, ಕ್ರ್ಯಾಶ್ ಟೆಸ್ಟ್‌ನಲ್ಲಿ ಎಷ್ಟು ಸ್ಟಾರ್ ಅಂತ ಹಾಕಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಹುಡುಕಲು ಕಷ್ಟ ಇಲ್ಲ. ಕೇಳಿದರೆ ಅವರು ಕೊಡದಿದ್ದರೆ ‘ಕೇಳಿದೆವು, ಕೊಡಲಿಲ್ಲ’ ಅಂತಲೇ ಬರೆಯಿರಿ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಸಂಜೆ ಆದರೆ ಹಳ್ಳಿ ಕಡೆ ಬಸ್ಸೂ ಕಮ್ಮಿ. ಗಾಡಿ ನಮಗೆ ಶೋಕಿಗಲ್ಲ, ಆಸ್ಪತ್ರೆಗೆ, ಸ್ಕೂಲಿಗೆ, ಕಾಫಿ ಮಾರಲಿಕ್ಕೆ. ಸಾಲ ಮಾಡಿ ತಗೊಳ್ಳುವವರು ಈ ಸುದ್ದಿಯನ್ನು ನಂಬಿ ಹೋಗುತ್ತಾರೆ.

ಸಾಧ್ಯವಾದರೆ ಯಾರಾದರೂ ಐದು ವರ್ಷ ಓಡಿದ ಕಾರುಗಳಿಗೆ ಒಂದು ಪ್ರಶಸ್ತಿ ಇಡಲಿ. ತೀರ್ಪುಗಾರರು ಜುಲೈನಲ್ಲಿ, ಭಾಗಮಂಡಲ ರಸ್ತೆ ಮೇಲೆ ಕಾವೇರಿ ನೀರು ಹರಿಯುವ ಹೊತ್ತಿಗೆ, ನಮ್ಮ ಕಡೆ ಬರಲಿ. ಊಟ, ಕಾಫಿ ಖರ್ಚು ನನ್ನದು, ಅದನ್ನು ಬೇಕಾದರೆ ವರದಿಯಲ್ಲಿ ಹಾಕಿಕೊಳ್ಳಲಿ. ಪಕ್ಕದ ತೋಟದವರಿಗೆ ಹೇಳಿ ಜೀಪ್ ಮತ್ತು ಹಗ್ಗ ರೆಡಿ ಇಟ್ಟಿರುತ್ತೇನೆ.

ಇಂತಿ,
ಒಬ್ಬ ಓದುಗ, ನಾಪೋಕ್ಲು