ಜ್ಯಾನ್ ಮಾರಿಸ್ ರೀತಿಯಲ್ಲಿ ನಮ್ಮ ಜಿಲ್ಲೆ

ಮಾನ್ಯ ಸಂಪಾದಕರೇ,

ಪತ್ರಿಕೆಯಿಂದ ಪ್ರವಾಸ ಬರವಣಿಗೆಗೆ ಬಂದ ಜ್ಯಾನ್ ಮಾರಿಸ್ ಬಗ್ಗೆ ನಮ್ಮ ಕಡೆ ಮಾತು ಕಡಿಮೆ. 1953ರ ಎವರೆಸ್ಟ್ ತಂಡದ ಜೊತೆ ಹೋಗಿದ್ದ ಲಂಡನ್ನಿನ ‘ದಿ ಟೈಮ್ಸ್’ ವರದಿಗಾರ ಇವರೇ. ಆಗಿನ ಹೆಸರು ಜೇಮ್ಸ್; ಮುಂದೆ ಲಿಂಗ ಪರಿವರ್ತನೆಯಾಗಿ ಜ್ಯಾನ್ ಆದರು. ಶಿಖರ ಏರಿದ ಸುದ್ದಿ ಬೇರೆ ಪತ್ರಿಕೆಗಳಿಗೆ ಸಿಗಬಾರದಲ್ವಾ? ಏರಿದ್ದನ್ನು ‘ಹಿಮದ ಸ್ಥಿತಿ ಚೆನ್ನಾಗಿಲ್ಲ’ ಎಂಬ ಗುಪ್ತ ಭಾಷೆಯಲ್ಲಿ ಬರೆದು, ಓಟಗಾರನ ಕೈಯಲ್ಲಿ ನೇಪಾಳದ ನಾಮ್ಚೆ ಬಜಾರಿನ ವೈರ್‌ಲೆಸ್ ಠಾಣೆಗೆ ಕಳಿಸಿದರು. ಜೂನ್ 2ರಂದು, ರಾಣಿ ಎಲಿಜಬೆತ್ ಪಟ್ಟಾಭಿಷೇಕದ ದಿನವೇ, ನಿಜವಾದ ಸುದ್ದಿ ಅಚ್ಚಾಯಿತು. ಎಂಥ ಚಾಕಚಕ್ಯತೆ!

ಆಮೇಲೆ ವೆನಿಸ್, ಆಕ್ಸ್‌ಫರ್ಡ್, ಹಾಂಗ್‌ಕಾಂಗ್, ಹೀಗೆ ಊರುಗಳ ಬಗ್ಗೆ ಬರೆದರು. 2020ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ನನಗೆ ಇಷ್ಟವಾಗುವುದು, ಊರೆಂದರೆ ಅವರಿಗೆ ಅಲ್ಲಿನ ಜನರೂ ಆಗಿದ್ದರು ಎಂಬುದು.

ನಮ್ಮ ತುಮಕೂರು ಜಿಲ್ಲೆಯ ಬಗ್ಗೆ ಬರುವ ಪ್ರವಾಸ ಲೇಖನಗಳಲ್ಲಿ ಎಷ್ಟು ಕಿಲೋಮೀಟರ್, ಊಟ ಎಲ್ಲಿ, ಇಷ್ಟೇ. ಮಧುಗಿರಿ ಬೆಟ್ಟದ ಬಂಡೆಯಲ್ಲಿ ಕೊರೆದ ಮೆಟ್ಟಿಲು, ಸಿರಾ ಕೋಟೆಯ ಸುತ್ತಲಿನ ಬದುಕು, ತಿಪಟೂರಿನ ಕೊಬ್ಬರಿ ಹರಾಜಿನ ದಿನದ ಗದ್ದಲ ಯಾರೂ ಬರೆಯುವುದಿಲ್ಲ. ತಾಲ್ಲೂಕು ವರದಿಗಾರರಿಗೆ ಇದೆಲ್ಲ ಅಂಗೈ ಗೆರೆಯಷ್ಟು ಗೊತ್ತು. ಭಾನುವಾರದ ಪುರವಣಿಯಲ್ಲಿ ಅವರಿಗೊಂದು ಪುಟ ಕೊಡಿ. ದಿನದ ಸುದ್ದಿಯ ಒತ್ತಡವಿಲ್ಲದೆ, ಹೆಸರು ಹಾಕಿ ಬರೆಯಲಿ.

– ಓದುಗ, ಮಧುಗಿರಿ