ಹಾಡಿದವರ ಜೊತೆ ಹಾಡು ಕಟ್ಟಿದವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಅಂಡ್ ಬ್ಲೂಸ್‌ನ ಹಳೆಯ ಹಾಡುಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರೇ ಕಡಿಮೆ. ಅದರಲ್ಲಿ ‘ಮದರ್ ಇನ್ ಲಾ’, ‘ವರ್ಕಿಂಗ್ ಇನ್ ದ ಕೋಲ್ ಮೈನ್’, ‘ಸದರ್ನ್ ನೈಟ್ಸ್’ ಮೂರೂ ಇದ್ದವು, ಹಾಡಿದವರ ಹೆಸರುಗಳೂ ಇದ್ದವು. ಆದರೆ ಮೂರನ್ನೂ ಬರೆದದ್ದು ಒಬ್ಬರೇ, ನ್ಯೂ ಆರ್ಲಿಯನ್ಸ್‌ನ ಪಿಯಾನೋ ವಾದಕ ಅಲೆನ್ ಟೂಸಾಂಟ್. ಅವರ ಹೆಸರು ಎಲ್ಲೂ ಇರಲಿಲ್ಲ.

1938ರಲ್ಲಿ ಅದೇ ಊರಿನ ಗರ್ಟ್ ಟೌನ್ ಬಡಾವಣೆಯಲ್ಲಿ ಹುಟ್ಟಿದವರು. ಇಪ್ಪತ್ತು ತುಂಬುವ ಮೊದಲೇ ಹೆಸರಾಂತ ಗಾಯಕ, ಪಿಯಾನೋ ವಾದಕ ಫ್ಯಾಟ್ಸ್ ಡಾಮಿನೋ ಅವರ ರೆಕಾರ್ಡಿಂಗ್ ಒಂದರಲ್ಲಿ ಡಾಮಿನೋ ಬದಲು ಪಿಯಾನೋ ನುಡಿಸಿದರು. 1960ರಲ್ಲಿ ಮಿನಿಟ್ ಎಂಬ ಸಣ್ಣ ರೆಕಾರ್ಡ್ ಕಂಪನಿ ಸೇರಿದರು. ಅರ್ಮಾ ಥಾಮಸ್, ಅರ್ನಿ ಕೆ-ಡೋ, ಬೆನ್ನಿ ಸ್ಪೆಲ್‌ಮನ್ ಮೊದಲಾದ ಗಾಯಕರೆಲ್ಲ ಟೂಸಾಂಟ್ ಅವರ ಅಪ್ಪ ಅಮ್ಮನ ಮನೆಯಲ್ಲೇ ಸೇರಿ ಪ್ರಾಕ್ಟೀಸ್ ಮಾಡುತ್ತಿದ್ದರು. ಯಾರ ಗಂಟಲಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಇವರು ಹಾಡು ಬರೆಯುತ್ತಿದ್ದರು.

‘ಮದರ್ ಇನ್ ಲಾ’ ಚೆನ್ನಾಗಿ ಬಂದಿಲ್ಲ ಎಂದು ಕಾಗದವನ್ನು ಕಸದ ಬುಟ್ಟಿಗೆ ಹಾಕಿದ್ದರಂತೆ. ಜೊತೆಗೆ ಹಾಡುತ್ತಿದ್ದವರೊಬ್ಬರು ಎತ್ತಿಕೊಟ್ಟರು. 1961ರಲ್ಲಿ ಅದು ಅಮೆರಿಕದಲ್ಲೇ ನಂಬರ್ ಒನ್ ಆಯಿತು. ಮತ್ತೊಮ್ಮೆ ಕೇಳಿ ನೋಡಿ. ಕೆ-ಡೋ ಹಾಡುವ ನಡುನಡುವೆ ಸ್ಪೆಲ್‌ಮನ್ ದಪ್ಪ ದನಿಯಲ್ಲಿ ‘ಮದರ್ ಇನ್ ಲಾ’ ಎಂಬ ಪಲ್ಲವಿಯ ಮಾತನ್ನು ಹೇಳುತ್ತಾರೆ. ಆ ದನಿ ತೆಗೆದರೆ ಹಾಡೇ ಇಲ್ಲ. ಯಾವ ದನಿ, ಯಾವ ವಾದ್ಯ ಎಲ್ಲಿ ಬರಬೇಕು ಎಂದು ಜೋಡಿಸುವ ಅರೇಂಜರ್ ಕೆಲಸ ಅಂದರೆ ಅದೇ ಅಲ್ವಾ?

1971ರ ಕೊನೆಯಲ್ಲಿ ‘ದ ಬ್ಯಾಂಡ್’ ಎಂಬ ರಾಕ್ ತಂಡದ ನ್ಯೂಯಾರ್ಕ್ ಸಂಗೀತ ಕಛೇರಿಗಳಿಗೆ ಟ್ರಂಪೆಟ್, ಸ್ಯಾಕ್ಸೋಫೋನ್ ಭಾಗಗಳನ್ನು ಬರೆದುಕೊಂಡು ಹೊರಟರು. ದಾರಿಯಲ್ಲಿ ನೊಟೇಶನ್ ಇದ್ದ ಬ್ಯಾಗೇ ಕಳೆದುಹೋಯಿತು. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಊರಿನಲ್ಲಿ ಕೂತು ಎಲ್ಲವನ್ನೂ ಮೊದಲಿಂದ ಬರೆದರು. ಆ ಕಛೇರಿಯ ರೆಕಾರ್ಡಿಂಗನ್ನು ಜನ ಇವತ್ತಿಗೂ ಕೇಳುತ್ತಾರೆ.

ಇವರ ಹೆಸರು ತಪ್ಪಿಹೋಗಲು ಒಂದು ಕಾರಣವೂ ಇದೆ. ಎಷ್ಟೋ ಹಾಡುಗಳನ್ನು ತಾಯಿಯ ತವರಿನ ಹೆಸರಲ್ಲಿ, ನವೋಮಿ ನೆವಿಲ್ ಎಂದು ದಾಖಲು ಮಾಡಿಸಿದ್ದರು. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಹಾಡಿದ ‘ಫಾರ್ಚೂನ್ ಟೆಲ್ಲರ್’ ಕೂಡ ಆ ಹೆಸರಿನಲ್ಲೇ ಇದೆ.

2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಹೋಯಿತು, ಅವರ ಸೀ-ಸೇಂಟ್ ರೆಕಾರ್ಡಿಂಗ್ ಸ್ಟುಡಿಯೋ ಹೋಯಿತು. ನ್ಯೂಯಾರ್ಕ್‌ಗೆ ಬಂದು, ಅರವತ್ತೇಳರ ವಯಸ್ಸಿನಲ್ಲಿ ಸಣ್ಣ ವೇದಿಕೆಯಲ್ಲಿ ಒಬ್ಬರೇ ಪಿಯಾನೋ ಮುಂದೆ ಕೂತು ಹಾಡತೊಡಗಿದರು. ಅಲ್ಲಿಯವರೆಗೂ ಹೆಚ್ಚಾಗಿ ತೆರೆಮರೆಯಲ್ಲೇ ಇದ್ದ ಮನುಷ್ಯ ಅವರು. 2015ರ ನವೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಕಛೇರಿ ಮುಗಿಸಿದ ಮೇಲೆ ತೀರಿಕೊಂಡರು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ಹೆಸರಿದ್ದ ದೊಡ್ಡ ರಸ್ತೆಗೆ ನ್ಯೂ ಆರ್ಲಿಯನ್ಸ್ 2022ರಲ್ಲಿ ಇವರ ಹೆಸರಿಟ್ಟಿತು.

ಲೇಖಕರ ಮೇಲೆ ನನಗೆ ಬೇಸರವಿಲ್ಲ. ಹಾಡಿದವರ ಹೆಸರಷ್ಟೇ ಹಾಕುವುದು ಎಲ್ಲ ಪತ್ರಿಕೆಗಳಲ್ಲೂ ರೂಢಿಯಾಗಿದೆ. ನೀವಾದರೂ ಬದಲಾಯಿಸಿ. ಯಾವುದೇ ದೇಶದ ಹಾಡಾಗಲಿ, ನಮ್ಮ ಸಿನಿಮಾ ಹಾಡೇ ಆಗಲಿ, ಬರೆದವರ ಮತ್ತು ಅರೇಂಜ್ ಮಾಡಿದವರ ಹೆಸರನ್ನೂ ಒಂದು ಸಾಲಿನಲ್ಲಿ ಕೊಡಿ. ಮುಂದಿನ ಪುರವಣಿಯಿಂದಲೇ ಶುರು ಮಾಡಬಹುದು.

– ನಿಮ್ಮ ಓದುಗ, ಮೈಸೂರು